ಗಿಂಡಿಯ ಕುದುರೆಗಳು, ನನ್ನ ಇಸ್ಪೀಟೆಲೆಗಳು



ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ವರ್ಷ ವರ್ಷವೂ ಕೇಳುತ್ತಾರೆ. ನಾನೂ ಅಡುಗೆಯ ಬಗ್ಗೆಯೋ, ಮೈಸೂರಿನ ನನ್ನ ಬಾಲ್ಯದ ಬಗ್ಗೆಯೋ ಎರಡು ಪುಟ ಬರೆದುಕೊಟ್ಟು ಸುಮ್ಮನಾಗುತ್ತಿದ್ದೆ. ಈ ಸಲ ‘ನಮ್ಮ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂಥದ್ದು ಬೇಕು’ ಎಂದರು. ಅಂಥದ್ದು ನನ್ನ ಬಳಿ ಇರುವುದು ಒಂದೇ. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಮ್ಮ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ನಾವು ಕ್ರೈಸ್ತರು. ನಿಮ್ಮಲ್ಲಿ ಹೆಚ್ಚಿನವರು ಬೇರೆ ಮತದವರೆಂದು ನನಗೆ ಗೊತ್ತು. ಆದರೆ ಆಸೆ ಎಂಬುದು ಜಾತಿ ಮತ ಕೇಳಿ ಬಾಗಿಲು ತಟ್ಟುವುದಿಲ್ಲ. ಆದ್ದರಿಂದ ನನ್ನ ಮನೆಯ ಮಾತಿನಲ್ಲೇ ಹೇಳುತ್ತೇನೆ, ನಿಮ್ಮ ಮನೆಯ ಮಾತಿಗೆ ನೀವೇ ಹೊಂದಿಸಿಕೊಳ್ಳಿ.

ನಾನು ಮದುವೆಯಾಗಿ ಗಿಂಡಿಗೆ ಬಂದದ್ದು 1994ರಲ್ಲಿ. ನಮ್ಮ ಮನೆಯವರಿಗೆ ಇಲ್ಲಿನ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. 1958ರಲ್ಲಿ ಶುರುವಾದ ಆ ವಸಾಹತನ್ನು ನೀವೆಲ್ಲ ಬಲ್ಲಿರಿ. ಅದರ ಸುತ್ತಮುತ್ತ ಈಗ ಎದ್ದಿರುವ ಗಾಜಿನ ಕಟ್ಟಡಗಳಲ್ಲೇ ನಿಮ್ಮಲ್ಲಿ ಕೆಲವರು ಕಂಪ್ಯೂಟರ್ ಮುಂದೆ ಕೂರುತ್ತೀರಿ. ಆಗ ನಮ್ಮದು ಬಾಡಿಗೆ ಮನೆ. ಬಟ್ಟೆ ಒಣಗಿಸಲು ಮಹಡಿಗೆ ಹೋದರೆ ದೂರದಲ್ಲಿ ಕುದುರೆ ಓಟದ ಮೈದಾನ ಕಾಣುತ್ತಿತ್ತು.

ಗಿಂಡಿಯಲ್ಲಿ ಕುದುರೆ ಓಟ ಶುರುವಾದದ್ದು 1777ರಲ್ಲಿ ಎನ್ನುತ್ತಾರೆ. ಓಟದ ದಿನ ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನಿಂದ ಗಂಡಸರು ಗುಂಪು ಗುಂಪಾಗಿ ಬರುತ್ತಿದ್ದರು. ಕೈಯಲ್ಲೊಂದು ಚಿಕ್ಕ ಪುಸ್ತಕ, ಕಿವಿಯ ಮೇಲೊಂದು ಪೆನ್ಸಿಲು. ಹೋಗುವಾಗ ಮಾತೇ ಮಾತು. ಸಂಜೆ ಹಿಂದಿರುಗುವಾಗ ಹೆಚ್ಚಿನವರು ನೆಲ ನೋಡಿಕೊಂಡು ನಡೆಯುತ್ತಿದ್ದರು. ನಾನು ಮಹಡಿಯ ಮೇಲೆ ನಿಂತು, ‘ಕರ್ತನೇ, ಇವರಿಗೆ ಬುದ್ಧಿ ಕೊಡು, ಇವರ ಹೆಂಡತಿ ಮಕ್ಕಳನ್ನು ಕಾಪಾಡು’ ಎಂದು ಪ್ರಾರ್ಥಿಸುತ್ತಿದ್ದೆ. ಒಳ್ಳೆಯ ಪ್ರಾರ್ಥನೆಯೇ. ಆದರೆ ಅದರ ಬಾಲದಲ್ಲಿ ಇನ್ನೊಂದು ಮಾತು ಇರುತ್ತಿತ್ತು: ನಾನು ಇವರಂತೆ ಇಲ್ಲವಲ್ಲ, ಸದ್ಯ. ಯೇಸುಸ್ವಾಮಿ ಹೇಳಿದ ಒಂದು ಕತೆಯಲ್ಲಿ ಒಬ್ಬ ಫರಿಸಾಯನೂ ಒಬ್ಬ ಸುಂಕದವನೂ ದೇವಾಲಯಕ್ಕೆ ಹೋಗುತ್ತಾರೆ. ತಾನು ಪಕ್ಕದವನಂಥವನಲ್ಲ ಎಂದು ದೇವರಿಗೆ ಸ್ತೋತ್ರ ಹೇಳಿದವನು ಬಂದಂತೆಯೇ ಹಿಂದಿರುಗುತ್ತಾನೆ, ತಲೆ ತಗ್ಗಿಸಿ ಎದೆ ಬಡಿದುಕೊಂಡವನಿಗೆ ಕ್ಷಮೆ ಸಿಗುತ್ತದೆ. ಮಕ್ಕಳಿಗೆ ಎಷ್ಟೋ ಸಲ ಈ ಕತೆ ಹೇಳಿದ್ದೆ. ಆ ಇಬ್ಬರಲ್ಲಿ ನಾನು ಯಾರು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ನಮ್ಮ ತಾಯಿ ಮೈಸೂರಿನಲ್ಲಿ ನರ್ಸ್ ಆಗಿದ್ದರು. ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಮಾತನ್ನೇ ಆಡುವಂತಿರಲಿಲ್ಲ. ಆದರೂ ಬಿ.ಎ. ಓದುವಾಗ ಹಾಸ್ಟೆಲಿನ ಗೆಳತಿಯರು ರಮ್ಮಿ ಕಲಿಸಿದ್ದರು. ದುಡ್ಡಿಲ್ಲದ ಆಟ, ಹುಣಿಸೆ ಬೀಜ ಪಣ. ನಾನು ಚೆನ್ನಾಗಿ ಆಡುತ್ತಿದ್ದೆ. ಆ ಮೂರು ಮಾತು ಮೂವತ್ತು ವರ್ಷ ನನ್ನೊಳಗೆ ಮಲಗಿತ್ತು: ಚೆನ್ನಾಗಿ ಆಡುತ್ತಿದ್ದೆ ನಾನು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮಗಳು ಬೇರೆ ಊರಿನಲ್ಲಿ ಸಿಕ್ಕಿಕೊಂಡಳು. ಸಂಬಳ ಅರ್ಧವಾದ ಚಿಂತೆಯಲ್ಲಿ ನಮ್ಮ ಮನೆಯವರು ಮಾತೇ ಕಡಿಮೆ ಮಾಡಿದರು. ತರಕಾರಿಯವನಿಗೆ ದುಡ್ಡು ಕೊಡಲೆಂದು ಮಗಳು ಫೋನಿನಲ್ಲೇ ನನಗೆ ಹೇಳಿಕೊಟ್ಟು ನನ್ನ ಬ್ಯಾಂಕ್ ಖಾತೆಯನ್ನು ಮೊಬೈಲಿಗೆ ಸೇರಿಸಿದಳು. ಜೂನಿನ ಒಂದು ರಾತ್ರಿ ನಿದ್ದೆ ಬಾರದೆ ಏನೋ ನೋಡುತ್ತಿದ್ದಾಗ ರಮ್ಮಿಯ ಜಾಹೀರಾತು ಬಂತು. ಮೊದಲು ದುಡ್ಡಿಲ್ಲದೆ ಆಡಿದೆ. ಒಂದು ವಾರದ ಮೇಲೆ 50 ರೂಪಾಯಿ ಹಾಕಿದೆ, 340 ಬಂತು. ಆ 340 ರೂಪಾಯಿಯ ಸಂತೋಷ ಇಂದಿಗೂ ನನಗೆ ನೆನಪಿದೆ. ಅದನ್ನು ಮುಚ್ಚಿಟ್ಟರೆ ನೀವು ನನ್ನ ಉಳಿದ ಮಾತನ್ನೂ ನಂಬಬೇಕಾಗಿಲ್ಲ. ಮನೆಯಲ್ಲಿ ಯಾರೂ ನನ್ನನ್ನು ಕೇಳದಿದ್ದ ಕಾಲದಲ್ಲಿ ಯಾರೋ ನನಗೆ ‘ಭೇಷ್’ ಎಂದಂತಾಯಿತು.

ನವೆಂಬರ್ ಹೊತ್ತಿಗೆ ನನ್ನ ಉಳಿತಾಯದಲ್ಲಿ 31,000 ಹೋಗಿತ್ತು. ಗೆದ್ದದ್ದೆಲ್ಲ ನನ್ನ ಜಾಣತನ, ಸೋತದ್ದೆಲ್ಲ ಎಲೆಗಳ ದೋಷ ಎಂಬ ಲೆಕ್ಕ ನನ್ನದು. ಕೋರ್ಟುಗಳ ತೀರ್ಪೂ ನನ್ನ ಬಾಯಲ್ಲಿತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿತ್ತು. ನಮ್ಮ ಗಿಂಡಿಯ ಕುದುರೆಗಳ ವಿಷಯವೂ ಹಾಗೆಯೇ. ರಾಜ್ಯ ಸರಕಾರ ಅವುಗಳ ಮೇಲಿನ ಪಂದ್ಯ ನಿಲ್ಲಿಸಲು 1974ರಲ್ಲಿ ಕಾನೂನು ತಂದಿತ್ತು. ವಿವಾದ ದೆಹಲಿಗೆ ಹೋಗಿ, 1996ರಲ್ಲಿ ಅದೂ ಕೌಶಲವೇ ಎಂದು ತೀರ್ಮಾನವಾಯಿತು. ನ್ಯಾಯಾಧೀಶರು ಹೇಳಿದ್ದು ಕಾನೂನಿನ ಮಾತು. ಅದನ್ನು ನನ್ನ ಮನಸ್ಸಾಕ್ಷಿಗೆ ಜೋಗುಳ ಮಾಡಿಕೊಂಡವಳು ನಾನು.

2020ರ ನವೆಂಬರಿನಲ್ಲಿ ತಮಿಳುನಾಡು ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಮೊಬೈಲಿನ ಹಣದಾಟವನ್ನು ನಿಷೇಧಿಸಿತು. ಆಟ ನಿಂತಿತು. ನಾನು ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದೆ. ‘ಇನ್ನೆಂದೂ ಮುಟ್ಟುವುದಿಲ್ಲ’ ಎಂದು ಸತ್ಯವೇದದ ಮೇಲೆ ಕೈಯಿಟ್ಟು ಹರಕೆ ಹೊತ್ತೆ. ಆದರೆ ಯಾರಿಗೂ ಹೇಳಲಿಲ್ಲ. ಹೇಗೂ ಮುಗಿಯಿತಲ್ಲ, ಹೇಳುವುದೇಕೆ?

2021ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟು ಆ ಕಾನೂನನ್ನು ರದ್ದುಮಾಡಿತು. ಕೆಲವೇ ದಿನಗಳಲ್ಲಿ ನನ್ನ ಮೊಬೈಲಿಗೆ ಸಂದೇಶ ಬಂತು: ಮತ್ತೆ ಬನ್ನಿ, ಬೋನಸ್ ಇದೆ. ಮಹಾಭಾರತದಲ್ಲಿ ಧರ್ಮರಾಯ ಪಗಡೆಯಲ್ಲಿ ಎಲ್ಲವನ್ನೂ ಸೋತು, ಹೇಗೋ ಬಿಡುಗಡೆಯಾಗಿ ಊರಿಗೆ ಹೊರಟಿದ್ದ. ಮತ್ತೆ ಆಡಲು ಕರೆ ಬಂದಾಗ ತಿರುಗಿ ಹೋಗಿ ಕುಳಿತ. ಅಂಥ ಧರ್ಮರಾಯ ಏಕೆ ಹಾಗೆ ಮಾಡಿದ ಎಂದು ಚಿಕ್ಕಂದಿನಲ್ಲಿ ಆಶ್ಚರ್ಯಪಡುತ್ತಿದ್ದೆ. ಈಗ ಪಡುವುದಿಲ್ಲ.

ಎರಡನೆಯ ಸಲದ ಕತೆ ಚಿಕ್ಕದು. ಉಳಿದಿದ್ದ 22,000 ಹೋಯಿತು. ಅಮ್ಮ ಕೊಟ್ಟಿದ್ದ ಎರಡು ಬಳೆಗಳನ್ನು 26,000ಕ್ಕೆ ಅಡವಿಟ್ಟೆ, ಅದೂ ಹೋಯಿತು. ನಮ್ಮ ಸಭೆಯ ಮಹಿಳಾ ಕೂಟಕ್ಕೆ ನಾನು ಖಜಾಂಚಿ. ಸೋಂಕಿನ ಕಾಲವಾದ್ದರಿಂದ ಹೆಂಗಸರು ತಮ್ಮ ಕಾಣಿಕೆಯನ್ನು ನನ್ನ ಖಾತೆಗೇ ಕಳಿಸುತ್ತಿದ್ದರು. ಕ್ರಿಸ್ಮಸ್ಸಿಗೆ ವಿಧವೆಯರ ಮನೆಗಳಿಗೆ ಅಕ್ಕಿ ಕೊಡಲು ಕೂಡಿಟ್ಟ ಹಣ 14,500. ‘ನಾಳೆ ಬೆಳಿಗ್ಗೆ ತಿರುಗಿ ಹಾಕಿಬಿಡುತ್ತೇನೆ’ ಎಂದು ಮೊದಲು ತೆಗೆದದ್ದು 2,000. ಹದಿನಾರು ದಿನಗಳಲ್ಲಿ ಪೂರ್ತಿ ಖಾಲಿ.

ಬಿ.ಎ. ತರಗತಿಯಲ್ಲಿ ನಮಗೆ ಮಾರ್ಲೋನ ಡಾಕ್ಟರ್ ಫಾಸ್ಟಸ್ ನಾಟಕ ಪಠ್ಯವಾಗಿತ್ತು. 24 ವರ್ಷದ ಸುಖಕ್ಕಾಗಿ ಆತ್ಮವನ್ನು ಮಾರಿಕೊಂಡ ಪಂಡಿತನ ಕತೆ ಅದು. ತಿರುಗಿ ಬರಲು ಅವನಿಗೆ ಅವಕಾಶ ಸಿಕ್ಕುತ್ತಲೇ ಇರುತ್ತದೆ, ಅವನು ಮುಂದೂಡುತ್ತಲೇ ಇರುತ್ತಾನೆ. ಪರೀಕ್ಷೆಯಲ್ಲಿ ಅವನ ಬಗ್ಗೆ ನಾಲ್ಕು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದವಳು ನಾನು. ಓದಿದ್ದು ತಲೆಯಲ್ಲಿತ್ತು, ಮೊಬೈಲು ಕೈಯಲ್ಲಿತ್ತು!

ನಾನು ಬಿದ್ದದ್ದು ಏಕೆ? ಪ್ರಾರ್ಥನೆ ಮಾಡಲಿಲ್ಲವೇ? ಮಾಡಿದೆ. ಹೋರಾಡಲಿಲ್ಲವೇ? ಹಲ್ಲು ಕಚ್ಚಿ ಹೋರಾಡಿದೆ. ಸತ್ಯವೇದದಲ್ಲಿ ಯಾಕೋಬನ ಪತ್ರಿಕೆ ಎಂಬ ಚಿಕ್ಕ ಪುಸ್ತಕವಿದೆ. ಅದರ 4ನೆಯ ಅಧ್ಯಾಯದ 7ನೆಯ ವಚನದಲ್ಲಿ ಎರಡು ಆಜ್ಞೆಗಳಿವೆ. ಒಂದು, ದೇವರಿಗೆ ಒಪ್ಪಿಸಿಕೊಳ್ಳುವುದು. ಇನ್ನೊಂದು, ಸೈತಾನನನ್ನು ಎದುರಿಸುವುದು. ನಾನು ಎರಡನೆಯದನ್ನು ಮಾತ್ರ ಮಾಡುತ್ತಿದ್ದೆ. ಒಪ್ಪಿಸಿಕೊಳ್ಳುವುದು ಮೊದಲು, ಎದುರಿಸುವುದು ಆಮೇಲೆ. ಈ ಕ್ರಮ ತಿಳಿಯಲು ನನಗೆ 93,500 ರೂಪಾಯಿ ಖರ್ಚಾಯಿತು. ನಿಮಗೆ ಪುಕ್ಕಟೆಯಾಗಿ ಸಿಗಲಿ ಎಂದೇ ಇದನ್ನು ಬರೆಯುತ್ತಿರುವುದು.

ಶಿಷ್ಯ ಪೇತ್ರನನ್ನು ನೋಡಿ. ಎಲ್ಲರೂ ಬಿಟ್ಟುಹೋದರೂ ತಾನು ಬಿಡುವುದಿಲ್ಲವೆಂದು ಎದೆ ತಟ್ಟಿ ಹೇಳಿದವನು, ಕೋಳಿ ಕೂಗುವುದರೊಳಗೆ ಮೂರು ಸಲ ಗುರುವನ್ನೇ ಅರಿಯೆನೆಂದ. ಅವನ ಮಾತು ಸುಳ್ಳಲ್ಲ, ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದು ತನ್ನ ಬಲದ ಮೇಲಿನ ಮಾತು. ಅದೇ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಇಷ್ಟವನ್ನು ಬಿಟ್ಟು ತಂದೆಯ ಇಷ್ಟಕ್ಕೆ ತಲೆಬಾಗಿ ಪ್ರಾರ್ಥಿಸುತ್ತಿದ್ದಾಗ, ಹೆಮ್ಮೆಯ ಮಾತಾಡಿದ ಶಿಷ್ಯ ನಿದ್ದೆ ಮಾಡುತ್ತಿದ್ದ.

ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ಇಂಗ್ಲಿಷಿನಲ್ಲಿ ‘ಟೆಂಪ್ಟೇಶನ್’ ಎನ್ನುವುದನ್ನು ನಮ್ಮ ಕನ್ನಡ ಸತ್ಯವೇದದಲ್ಲಿ ‘ಶೋಧನೆ’ ಎನ್ನುತ್ತೇವೆ. ತಮಿಳು ಆರಾಧನೆಯಲ್ಲೂ ಅದೇ ಮಾತು, ‘ಸೋದನೈ’. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಿಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ತೆರೆಸಿ ನೋಡುತ್ತಾರಲ್ಲ, ಅದೂ ಸೋದನೈಯೇ. ಹೊರಗಿನಿಂದ ಏನನ್ನೂ ಒಳಗೆ ಹಾಕುವುದಿಲ್ಲ, ಒಳಗೆ ಇದ್ದದ್ದನ್ನು ಹೊರಗೆ ತೆಗೆದು ತೋರಿಸುತ್ತಾರೆ. ಮನುಷ್ಯನನ್ನು ಎಳೆದೊಯ್ಯುವುದು ಅವನವನ ಆಸೆಯೇ ಎಂದು ಯಾಕೋಬನೂ ಬರೆದಿದ್ದಾನೆ. ರಮ್ಮಿ ನನ್ನ ಚೀಲದಿಂದ ತೆಗೆದು ತೋರಿಸಿದ್ದು ದುರಾಸೆಯನ್ನಲ್ಲ. ಯಾರೂ ನನ್ನನ್ನು ಮೆಚ್ಚುತ್ತಿಲ್ಲವೆಂಬ ಕೊರಗು, ನಾನು ಜಾಣೆಯೆಂಬ ಹೆಮ್ಮೆ. ಎರಡನ್ನೂ ದೇವರ ಮುಂದೆ ಇಡದೆ, ಚೀಲದ ಬಾಯಿ ಕಟ್ಟಿಕೊಂಡು, ‘ಕರ್ತನೇ, ಆಟ ಮಾತ್ರ ಬಿಡಿಸು’ ಎಂದು ಬೇಡುತ್ತಿದ್ದೆ.

2021ರ ನವೆಂಬರಿನ ದೊಡ್ಡ ಮಳೆ ನಿಮಗೆ ನೆನಪಿರಬಹುದು. ಬೀದಿಯಲ್ಲಿ ಮೊಣಕಾಲುದ್ದ ನೀರು. ಕರೆಂಟು ಇರಲಿಲ್ಲ, ಮೊಬೈಲಿನಲ್ಲಿ ಚಾರ್ಜೂ ಇರಲಿಲ್ಲ. ಕತ್ತಲೆಯಲ್ಲಿ ಕುಳಿತಿದ್ದಾಗ, ವಿಧವೆಯರಿಗೆ ಅಕ್ಕಿ ಕೊಳ್ಳಬೇಕಾದ ದಿನ ಹತ್ತಿರ ಬಂತೆಂದು ನೆನಪಾಯಿತು. ಅಂದು ಮಾಡಿದ ಪ್ರಾರ್ಥನೆಯಲ್ಲಿ ಹರಕೆ ಇರಲಿಲ್ಲ. ‘ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದೆ, ಅಷ್ಟೇ. ಎದ್ದು ಹೋಗಿ ನಮ್ಮ ಮನೆಯವರ ಪಕ್ಕದಲ್ಲಿ ಕುಳಿತೆ.

“ಏನ್ರೀ, ಒಂದು ಮಾತು ಹೇಳ್ಬೇಕು. ಮಧ್ಯೆ ಮಾತಾಡ್ಬೇಡಿ, ಆಡಿದ್ರೆ ನಾನು ನಿಲ್ಲಿಸಿಬಿಡ್ತೀನಿ.”

ಎಲ್ಲವನ್ನೂ ಹೇಳಿದೆ. ಬಹಳ ಹೊತ್ತಿನ ಮೇಲೆ ಅವರು ಕೇಳಿದರು: “ನಾನು ಬೈತೀನಿ ಅಂತ ಹೇಳ್ಲಿಲ್ವಾ?”

“ಇಲ್ಲ. ನೀವು ಬೈಯೋದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೇಳೋಕಾಗ್ಲಿಲ್ಲ.”

ಮೂರು ದಿನ ಅವರು ಮಾತಾಡಲಿಲ್ಲ. ನಾಲ್ಕನೆಯ ದಿನ ಒಂದು ಬಟನ್ ಫೋನು ತಂದು ಮೇಜಿನ ಮೇಲಿಟ್ಟರು. ಅಕ್ಕಿ ನಿಲ್ಲಬಾರದೆಂದು ಕೂಟದ ಹಣವನ್ನು ತಾವೇ ತುಂಬಿಕೊಟ್ಟರು. ಹಣ ಕೈಗೆ ಬಂದ ಮೇಲೆ ಮನಸ್ಸು ಮತ್ತೆ ಪಿಸುಗುಟ್ಟಿತು: ಲೆಕ್ಕ ಸರಿಹೋಯಿತಲ್ಲ, ಇನ್ನು ಕೂಟದವರಿಗೆ ಯಾಕೆ ಹೇಳಬೇಕು? ಪ್ರಿಯರೇ, ನನ್ನ ಇಡೀ ಕತೆಯಲ್ಲಿ ಅತಿ ದೊಡ್ಡ ಶೋಧನೆ ರಮ್ಮಿಯಲ್ಲ, ಇದು. ಕೂಟದ ಅಧ್ಯಕ್ಷೆ ಹಿರಿಯ ತಮಿಳು ಹೆಂಗಸು, ನಾವೆಲ್ಲ ಅಕ್ಕ ಎನ್ನುತ್ತೇವೆ. ಅವರ ಮನೆಗೆ ಹೋಗಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಎವ್ವಳವು ಮಾ?” ಎಷ್ಟಮ್ಮಾ? ಲೆಕ್ಕದ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಇದು ಇನ್ನು ನನ್ನ ಬಳಿ ಇರಲಿ, ನೀನು ಮಾತ್ರ ಕೂಟಕ್ಕೆ ಬರುವುದನ್ನು ಬಿಡಬೇಡ ಎಂದರು.

ಬಿಡಲಿಲ್ಲ. ಆದರೆ ಸುಲಭವಾಗಿತ್ತೆಂದು ತಿಳಿಯಬೇಡಿ. ನಾನು ಪಕ್ಕದಲ್ಲಿ ಕುಳಿತರೆ ಒಬ್ಬರು ಇಂದಿಗೂ ತಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಅವರದು ತಪ್ಪಲ್ಲ. ಕ್ಷಮೆ ಒಂದು ಕ್ಷಣದಲ್ಲಿ ಸಿಗುತ್ತದೆ, ನಂಬಿಕೆ ಬೆಳೆಯಲು ವರ್ಷಗಳು ಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯಿದೆಯಲ್ಲ. ಅಕ್ಕಪಕ್ಕದ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿ ಒಂದು ಬಳೆ ಬಿಡಿಸಿಕೊಂಡೆ. ಇನ್ನೊಂದು ಹರಾಜಿಗೆ ಹೋಯಿತು.

ನಮ್ಮ ಮೇಲಿನ ಮನೆಯಲ್ಲಿ ಮೇಲುಕೋಟೆ ಕಡೆಯ ಅಯ್ಯಂಗಾರ್ ಮಾಮಿ ಇದ್ದಾರೆ. ಅವರ ರಾಮಾನುಜಾಚಾರ್ಯರು ಹುಟ್ಟಿದ್ದು ನಮ್ಮ ಗಿಂಡಿಗೆ ಹತ್ತಿರದ ಶ್ರೀಪೆರುಂಬುದೂರಿನಲ್ಲಿ, ಹೋಗಿ ನೆಲೆಸಿದ್ದು ನಮ್ಮ ಮೇಲುಕೋಟೆಯಲ್ಲಿ. ಮಾಮಿ ಶರಣಾಗತಿಯ ಬಗ್ಗೆ ಹೇಳುವಾಗ ಎರಡು ಮರಿಗಳ ಹೋಲಿಕೆ ಕೊಟ್ಟರು. ಕೋತಿಯ ಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿ ಸುಮ್ಮನೆ ಇರುತ್ತದೆ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಯಾವುದು ಸರಿ ಎಂದು ಅವರ ಹಿರಿಯರು ಚರ್ಚೆ ಮಾಡಿದ್ದಾರಂತೆ. ನನ್ನ ಅನುಭವ ಕೇಳಿದರೆ, ಆ ಮಳೆಯ ರಾತ್ರಿ ನಾನು ಬೆಕ್ಕಿನ ಮರಿ. ಮರುದಿನದಿಂದ ಕೋತಿಯ ಮರಿ. ಎತ್ತಿದ ಮೇಲೆ ಹಿಡಿದುಕೊಳ್ಳುವ ಕೆಲಸ ನಮ್ಮದೂ ಇದೆ.

ಹಿಡಿದುಕೊಳ್ಳುವುದು ಎಂದರೇನು? ಪ್ರತಿ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ನನ್ನ ಪಾಸ್‌ಬುಕ್ಕನ್ನು ಮೇಜಿನ ಮೇಲೆ ಇಡುತ್ತೇನೆ. ಅವರು ನೋಡುತ್ತಾರೆ, ಕೆಲವು ಸಲ ನೋಡುವುದೂ ಇಲ್ಲ. ರಾತ್ರಿ ಹತ್ತರ ಮೇಲೆ ಒಬ್ಬಳೇ ಎಚ್ಚರವಾಗಿ ಇರುವುದಿಲ್ಲ. ಮನಸ್ಸು ಎಳೆದಾಗ ವಾದಕ್ಕೆ ಇಳಿಯುವುದಿಲ್ಲ. ಅಡವಿಯಲ್ಲಿ 40 ದಿನ ಹಸಿದಿದ್ದಾಗ ಯೇಸುವಿಗೆ ಮೂರು ಶೋಧನೆಗಳು ಬಂದವು. ಮೂರಕ್ಕೂ ಅವನು ಕೊಟ್ಟ ಉತ್ತರ ಧರ್ಮೋಪದೇಶಕಾಂಡದಿಂದ ಬಾಯಿಪಾಠವಾಗಿದ್ದ ಚಿಕ್ಕ ಚಿಕ್ಕ ಮಾತುಗಳು. ಶೋಧನೆಯ ಹೊತ್ತಿನಲ್ಲಿ ಪುಸ್ತಕ ಹುಡುಕುತ್ತಾ ಕೂರಲಾಗುವುದಿಲ್ಲ, ಮೊದಲೇ ಕಲಿತಿಟ್ಟುಕೊಂಡಿರಬೇಕು.

ರಮ್ಮಿಯೇ ನನಗೆ ಒಂದು ಪಾಠ ಕಲಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಆಟದಲ್ಲಿ ಮೊದಲ ಎಲೆ ಎತ್ತುವ ಮುಂಚೆಯೇ ಬಿಟ್ಟುಕೊಟ್ಟರೆ ನಷ್ಟ 20 ಅಂಕ. ನಡುವೆ ಬಿಟ್ಟರೆ 40. ಕೊನೆಯವರೆಗೂ ಹಿಡಿದು ಸೋತರೆ 80ರವರೆಗೆ. ಬದುಕಿನಲ್ಲೂ ಹೀಗೆಯೇ. ಮೊದಲ ದಿನವೇ ಅಮ್ಮನಿಗೋ ಅಣ್ಣನಿಗೋ ಸ್ನೇಹಿತೆಗೋ ಹೇಳಿಬಿಟ್ಟರೆ ಸ್ವಲ್ಪ ನಾಚಿಕೆ, ಅಷ್ಟೇ. ತಡಮಾಡಿದಷ್ಟೂ ಬೆಲೆ ಹೆಚ್ಚು. ನಡುವೆ ಬಿಡುವುದೂ ಸೋಲಲ್ಲ, ನೆನಪಿಡಿ: 40 ಎಂದರೆ 80ರ ಅರ್ಧ.

‘ಆಂಟಿ, ಈಗ ಕಾನೂನು ಬಂದಿದೆಯಲ್ಲ’ ಎನ್ನುತ್ತೀರಿ. ಬಂದಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವ ಕಾಯಿದೆಯನ್ನು ಒಪ್ಪಿತು. ನನಗೆ ಸಂತೋಷವೇ. ಗಿಂಡಿಯ ಮೈದಾನವೂ ಬದಲಾಯಿತು. 2024ರ ಸೆಪ್ಟೆಂಬರಿನಲ್ಲಿ ಸರಕಾರ ಸುಮಾರು 160 ಎಕರೆ ನೆಲವನ್ನು ವಶಕ್ಕೆ ತೆಗೆದುಕೊಂಡಿತು, ಅಲ್ಲಿ ಮಳೆನೀರು ನಿಲ್ಲಲು ಕೊಳಗಳನ್ನು ತೋಡಿದರು. ಆದರೆ ಬಾಗಿಲು ಮುಚ್ಚಿದ್ದಾಗ ನಾನೂ 2020ರಲ್ಲಿ ಗೆದ್ದೆನೆಂದೇ ತಿಳಿದಿದ್ದೆ. ಒಂದು ಬಾಗಿಲು ಮುಚ್ಚಿದರೆ ಆಸೆ ಇನ್ನೊಂದನ್ನು ಹುಡುಕುತ್ತದೆ. ಷೇರು ಪೇಟೆಯ ಫ್ಯೂಚರ್ಸ್ ಆಪ್ಷನ್ಸ್ ಎಂಬ ವ್ಯವಹಾರದಲ್ಲಿ ಮೂರು ವರ್ಷಗಳಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಹಣ ಕಳೆದುಕೊಂಡರೆಂದು ಸೆಬಿ 2024ರಲ್ಲಿ ಹೇಳಿತು. ಅವರೆಲ್ಲ ನಿಮ್ಮ ಹಾಗೆ, ನನ್ನ ಹಾಗೆ, ‘ಜಾಣರು’.

ದೇವರಿಗೆ ಒಪ್ಪಿಸಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದಲ್ಲ, ವೈದ್ಯರನ್ನು ದೂರವಿಡುವುದೂ ಅಲ್ಲ. ಬಿಡಲಾರದ ಜೂಜು ಒಂದು ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಇಂಟರ್‌ನೆಟ್ಟಿನ ಚಟಕ್ಕೆಂದೇ 2014ರಿಂದ ಒಂದು ವಿಭಾಗವಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೂ ತಮಿಳಿನಲ್ಲೂ ಪುಕ್ಕಟೆಯಾಗಿ ಮಾತಾಡುತ್ತಾರೆ. ದೇವರು ಕೆಲವು ಸಲ ಡಾಕ್ಟರ ಬಾಯಿಂದಲೂ ಉತ್ತರ ಕೊಡುತ್ತಾನೆ.

ಹೋದ ಡಿಸೆಂಬರಿನಲ್ಲಿ ನಾವಿಬ್ಬರೂ ಪರಂಗಿಮಲೈ ಹತ್ತಿದೆವು. ಅಪೊಸ್ತಲ ತೋಮನು ಪ್ರಾಣಬಿಟ್ಟ ಜಾಗವೆಂದು ನಂಬುವ ಬೆಟ್ಟ ಅದು. ಪೋರ್ಚುಗೀಸರು 1523ರಲ್ಲಿ ಕಟ್ಟಿದ ದೇವಾಲಯ ಅದರ ಮೇಲಿದೆ. ಗಾಯವನ್ನು ಮುಟ್ಟಿ ನೋಡದೆ ನಂಬುವುದಿಲ್ಲ ಎಂದು ಹಟ ಹಿಡಿದಿದ್ದವನು ತೋಮ. ಅವನ ಸಂದೇಹವನ್ನು ಯೇಸು ಬೈದು ಓಡಿಸಲಿಲ್ಲ, ಹತ್ತಿರ ಕರೆದ. ಒಮ್ಮೆ ತಲೆಬಾಗಿದ ಮೇಲೆ ಅದೇ ಹಟಮಾರಿ ಸಮುದ್ರ ದಾಟಿ ಇಷ್ಟು ದೂರ ಬಂದನೆಂದು ಇಲ್ಲಿಯವರು ನಂಬುತ್ತಾರೆ. ಮೆಟ್ಟಿಲ ಮೇಲೆ ನಿಂತು ಗಿಂಡಿಯ ಕಡೆ ನೋಡಿದೆ. ಆ ಪೆನ್ಸಿಲಿನ ಗಂಡಸರು ನೆನಪಾದರು. ಈ ಸಲ ಅವರಿಗಾಗಿ ಮಾಡಿದ ಪ್ರಾರ್ಥನೆಯಲ್ಲಿ ‘ಅವರು’ ಎನ್ನಲಿಲ್ಲ, ‘ನಾವು’ ಎಂದೆ.

ನಿಮ್ಮಲ್ಲಿ ಯಾರಿಗಾದರೂ ಮನೆಯವರ ಮುಂದೆ ಇಡಲಾರದ ಒಂದು ಲೆಕ್ಕ ಇದ್ದರೆ, ಇವತ್ತೇ ಯಾರ ಮುಂದಾದರೂ ಇಡಿ. ಯಾರೂ ತೋಚದಿದ್ದರೆ ಸಂಘದಲ್ಲಿ ಕೇಳಿ ನಮ್ಮ ಮನೆಗೆ ಬನ್ನಿ. ನಾನು ಉಪದೇಶ ಮಾಡುವುದಿಲ್ಲ. ಕಾಫಿ ಕೊಟ್ಟು, ಅಕ್ಕ ನನ್ನನ್ನು ಕೇಳಿದ ಒಂದೇ ಮಾತನ್ನು ಕೇಳುತ್ತೇನೆ: ಎಷ್ಟಪ್ಪಾ? ಎಷ್ಟಮ್ಮಾ?